ಹಿಮದ ಗಾಡಿಯ ಮೂಗನ್ನು ನೆಲಕ್ಕಿಳಿಸಿದವರು

ಕಳೆದ ವಾರ ನಮ್ಮ ಕಟ್ಟಡದ ಲಿಫ್ಟಿನಲ್ಲಿ ಒಬ್ಬ ತಾಯಿ ಇಬ್ಬರು ಮಕ್ಕಳನ್ನು ಕರೆದುಕೊಂಡು ಹತ್ತಿದಳು. ಮಕ್ಕಳ ಕೈಯಲ್ಲಿ ಒದ್ದೆಯಾದ ಉಣ್ಣೆಯ ಗ್ಲೌಸುಗಳಿದ್ದವು. ಹಿಮದ ಆಟ ಆಡಿ ಬಂದಿದ್ದರೆಂದು ಕಾಣುತ್ತದೆ. ಹೊರಗೆ ಅಬುಧಾಬಿಯ ಅಲ್ ರೀಮ್ ಐಲ್ಯಾಂಡ್ ಬಿಸಿಲಿನಲ್ಲಿ ಬೇಯುತ್ತಿತ್ತು, ಒಳಗೆ ಆ ಪುಟ್ಟ ಡಬ್ಬಿಯಂಥ ಲಿಫ್ಟಿನ ತುಂಬ ಒದ್ದೆ ಉಣ್ಣೆಯ ವಾಸನೆ. ನನ್ನ ಮಹಡಿ ಬಂದು ಬಾಗಿಲು ತೆರೆದರೂ ನಾನು ಇಳಿಯಲಿಲ್ಲ. ಆ ತಾಯಿಯೇ "ಯುವರ್ ಫ್ಲೋರ್?" ಎಂದು ಕೇಳಬೇಕಾಯಿತು.

ಆ ವಾಸನೆ ನನಗೆ ಒಬ್ಬರ ನೆನಪು. ಅವರನ್ನು ನಾನು ‘ಸರ್’ ಎಂದೇ ಕರೆಯುತ್ತಿದ್ದೆ…

ಆಗ ನಾನು ದುಬೈಯಲ್ಲಿದ್ದೆ. ಉಡುಪಿಯಲ್ಲಿ ನರ್ಸಿಂಗ್ ಮುಗಿಸಿ, ಎರಡು ಆಸ್ಪತ್ರೆಗಳಲ್ಲಿ ದುಡಿದು, ಕೊನೆಗೆ ಸಿಕ್ಕ ಕೆಲಸ ಯಾರಿಗೆ ಹೇಳಿದರೂ ನಗುವಂಥದ್ದು. ದೊಡ್ಡ ಛಾವಣಿಯ ಕೆಳಗೆ ಯಂತ್ರದಿಂದ ಹಿಮ ಸುರಿಸಿ, ಅದನ್ನೇ ಗುಡ್ಡದ ಇಳಿಜಾರಿನಂತೆ ಮಾಡಿ, ಜನರನ್ನು ಜಾರಲು ಬಿಡುವ ಜಾಗ. ಅಲ್ಲಿ ಬಿದ್ದವರಿಗೆ ಪ್ರಥಮ ಚಿಕಿತ್ಸೆ ಕೊಡುವ ತಂಡದಲ್ಲಿ ನಾನು ನರ್ಸ್. ಕಾಪುವಿನ ಕಡಲ ದಂಡೆಯಲ್ಲಿ ಬೆಳೆದ ನಾನು ಐಸ್‌ಕ್ಯಾಂಡಿ ಬಿಟ್ಟರೆ ಬೇರೆ ಹಿಮ ಕಂಡವಳಲ್ಲ. ಅಮ್ಮ ಫೋನಿನಲ್ಲಿ ಕೇಳಿದ್ದಳು: "ಮರುಭೂಮಿಯಲ್ಲಿ ಹಿಮದ ಡ್ಯೂಟಿಯಾ? ನಿನ್ನನ್ನು ಯಾರಾದರೂ ಮಂಗ ಮಾಡ್ತಾ ಇದ್ದಾರಾ ಮಗಾ?"

ಸರ್ ಅಲ್ಲಿಯ ವರ್ಕ್‌ಶಾಪಿನ ಸೂಪರ್‌ವೈಸರ್. ಹಾಸನದ ಕಡೆಯವರು. ಅದಕ್ಕೆ ಮೊದಲು ಬಹಳ ವರ್ಷ ಅಬುಧಾಬಿಯ ಮರಳುಗಾಡಿನಲ್ಲಿ, ಪ್ರವಾಸಿಗರು ಓಡಿಸುವ ನಾಲ್ಕು ಚಕ್ರದ ಬೈಕುಗಳನ್ನು ರಿಪೇರಿ ಮಾಡಿಕೊಂಡಿದ್ದರು. ಮರಳಿನಿಂದ ಹಿಮಕ್ಕೆ ಬಂದ ಅವರಿಗೆ ಚಳಿ ಎಂದರೆ ಜನ್ಮದ ವೈರಿ. ತಲೆಗೆ ಮಂಕಿ ಕ್ಯಾಪು, ಮೈಗೆ ಹೆಂಡತಿ ಹೆಣೆದು ಕಳಿಸಿದ ನೀಲಿ ಸ್ವೆಟರು, ಅದರ ಮೇಲೆ ಕಂಪನಿಯ ಜಾಕೆಟ್ಟು. ಅಷ್ಟಾದರೂ ಸ್ವಲ್ಪ ಹೊತ್ತಿಗೊಮ್ಮೆ "ಕಾಯಿಸ್ಕೊಂಡ್ ಬರ್ತೀನಿ" ಎಂದು ಹಿಂಬಾಗಿಲು ತಳ್ಳಿಕೊಂಡು, ಸಾಮಾನು ಇಳಿಸುವ ಕಟ್ಟೆಗೆ ಹೋಗಿ ಸುಡುಬಿಸಿಲಿನಲ್ಲಿ ನಿಂತುಬಿಡುತ್ತಿದ್ದರು. ಒದ್ದೆ ಗ್ಲೌಸನ್ನು ಅಲ್ಲಿಯ ಕಂಬಿಯ ಮೇಲೆ ಹರವುತ್ತಿದ್ದರು. ಇಡೀ ದುಬೈ ಬಿಸಿಲಿನಿಂದ ಓಡಿ ಎಸಿಯೊಳಗೆ ಸೇರುವ ಹೊತ್ತಿನಲ್ಲಿ ಇವರೊಬ್ಬರು ಬಿಸಿಲಿಗೆ ಓಡುತ್ತಿದ್ದರು.

ಅವರ ವಾಸ ದುಬೈಯ ಸತ್ವಾ ಬಡಾವಣೆಯ ಒಂದು ಹಳೆಯ ವಿಲ್ಲಾದಲ್ಲಿ. ಬೇರೆ ಬೇರೆ ದೇಶದವರ ಜೊತೆ ಹಂಚಿಕೊಂಡ ಕೋಣೆ. ರಜೆಯ ದಿನ ರಾಗಿ ಮುದ್ದೆ ಮಾಡಿ ಕೋಣೆಯವರಿಗೆಲ್ಲ ಬಡಿಸುತ್ತಿದ್ದರಂತೆ. ಒಬ್ಬ ಫಿಲಿಪಿನೋ ಅದನ್ನು ಚ್ಯೂಯಿಂಗ್ ಗಮ್ಮಿನಂತೆ ಜಗಿಯುತ್ತ ಕೂತಿದ್ದನ್ನು ಅವರು ಅಭಿನಯಿಸಿ ತೋರಿಸಿದಾಗ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ನನಗೂ ಒಮ್ಮೆ ಡಬ್ಬಿಯಲ್ಲಿ ತಂದುಕೊಟ್ಟರು. ನನಗೆ ಸೇರಲಿಲ್ಲ. "ಮೀನ್ ತಿನ್ನೋ ಬಾಯಿಗೆ ಇದ್ರ ರುಚಿ ಹೆಂಗ್ ಗೊತ್ತಾಗುತ್ತೆ ಬಿಡು" ಎಂದು ಡಬ್ಬಿ ಕಿತ್ತುಕೊಂಡು ತಾವೇ ತಿಂದರು.

ನನ್ನ ಕೈಗೆ ಹಿಮದ ಗಾಡಿ ಕೊಡಿಸಿದವರೂ ಅವರೇ.

ಸ್ನೋಮೊಬೈಲ್ ಎಂದು ಅದರ ಹೆಸರು. ಹಿಮದ ಮೇಲೆ ಓಡುವ ಸ್ಕೂಟರ್ ಎನ್ನಿ. ಮುಂದೆ ಚಕ್ರದ ಬದಲು ಎರಡು ಜಾರುವ ಹಲಗೆಗಳು, ಅವಕ್ಕೆ ಸ್ಕೀ ಎನ್ನುತ್ತಾರೆ. ಹ್ಯಾಂಡಲ್ ತಿರುಗಿಸಿದರೆ ಆ ಸ್ಕೀಗಳು ತಿರುಗುತ್ತವೆ, ಗಾಡಿ ದಾರಿ ಬದಲಿಸುತ್ತದೆ. ಹಿಂದೆ, ಸೀಟಿನ ಕೆಳಗೆ, ಅಗಲವಾದ ರಬ್ಬರಿನ ಪಟ್ಟಾ ಸುತ್ತುತ್ತ ಹಿಮವನ್ನು ಕಚ್ಚಿ ಗಾಡಿಯನ್ನು ನೂಕುತ್ತದೆ. ಇಳಿಜಾರಿನ ಮೇಲೆ ಯಾರಾದರೂ ಬಿದ್ದು ಪೆಟ್ಟು ಮಾಡಿಕೊಂಡರೆ ನಾವು ಅದರ ಮೇಲೆ ಹತ್ತಿ ಹೋಗಿ, ಹಿಂದಕ್ಕೆ ಕಟ್ಟಿದ, ಚಕ್ರವಿಲ್ಲದ ಜಾರುಬಂಡಿಯಲ್ಲಿ ಅವರನ್ನು ಮಲಗಿಸಿ ಕೆಳಗೆ ತರಬೇಕು. ಓಡಿಸುವವರೆಲ್ಲ ಗಂಡಸರು. ನನಗೂ ಕಲಿಸಿ ಎಂದು ಕೇಳಿದಾಗ ಉಳಿದವರು ನಕ್ಕರು. ಸರ್ ಕೀ ತಂದು ಕೈಗೆ ಕೊಟ್ಟರು. "ಊರಲ್ಲಿ ಏನ್ ಓಡಿಸ್ತಿದ್ದೆ?" ಎಂದು ಕೇಳಿದರು. ಅಪ್ಪನ ಹಳೆಯ ಸ್ಕೂಟರ್ ಎಂದೆ. "ಸಾಕು. ಹತ್ತು" ಎಂದರು. ಕೆಲವೇ ತಿಂಗಳಲ್ಲಿ ಅಲ್ಲಿ ಆ ಗಾಡಿ ಓಡಿಸುವ ಏಕೈಕ ಹೆಂಗಸು ನಾನಾದೆ. ಅಮ್ಮನಿಗೆ ಫೋಟೋ ಕಳಿಸಿದೆ. ಅವಳು ಅದನ್ನು ಬೀದಿಗೆಲ್ಲ ತೋರಿಸಿ ಬಂದಳು.

ಆಮೇಲೆ ಆ ದಿನ ಬಂತು.

ಶಾಲೆಯ ಮಕ್ಕಳ ದೊಡ್ಡ ಗುಂಪು ಬಂದಿತ್ತು. ಇಳಿಜಾರಿನ ನಡುವೆ ಒಬ್ಬ ಹುಡುಗಿ ಬಿದ್ದು ಕಾಲು ಹಿಡಿದುಕೊಂಡು ಅಳುತ್ತಿದ್ದಾಳೆಂದು ವಾಕಿಟಾಕಿಯಲ್ಲಿ ಕರೆ ಬಂತು. ನಾನು ಗಾಡಿ ಹತ್ತಿದೆ. ನನ್ನ ಹಿಂದೆ ಔಷಧಿಯ ಚೀಲ ಹೊತ್ತು ನೇಪಾಳದ ಗೆಳತಿ ಕೂತಳು, ಅವಳೂ ನರ್ಸ್. ಜಾರುಬಂಡಿ ಕಟ್ಟಿ ಹೊರಟೆವು. ಕಡಿದಾದ ಜಾಗ ಬಂದಾಗ ಎಂದಿನಂತೆ ಹೆಬ್ಬೆರಳಿನಿಂದ ಆಕ್ಸಿಲರೇಟರ್ ಒತ್ತಿದೆ. ಗಾಡಿಯ ಮೂಗು ಮೇಲೆದ್ದಿತು. ಕುದುರೆ ಮುಂಗಾಲು ಎತ್ತಿದಂತೆ ಎರಡೂ ಸ್ಕೀಗಳು ಹಿಮ ಬಿಟ್ಟು ಗಾಳಿಯಲ್ಲಿ ನಿಂತವು. ಬಲಕ್ಕೆ ಹ್ಯಾಂಡಲ್ ತಿರುಗಿಸಿದೆ, ಗಾಡಿ ತಿರುಗಲಿಲ್ಲ. ಪೂರ್ತಿ ತಿರುಗಿಸಿದೆ, ಆಗಲೂ ಇಲ್ಲ. ಅದು ತನ್ನ ಪಾಡಿಗೆ ಎಡಕ್ಕೆ, ಮಕ್ಕಳು ಸಾಲಾಗಿ ನಿಂತ ಕಡೆಗೆ ಎಳೆಯುತ್ತ ಹೋಯಿತು. ನಾನು ಕೂಗಿದೆ, ಆಕ್ಸಿಲರೇಟರ್ ಬಿಟ್ಟೆ. ಮೂಗು ದೊಪ್ಪನೆ ಕೆಳಗೆ ಬಿತ್ತು, ಗಾಡಿ ಅಡ್ಡಡ್ಡ ಜಾರಿ ಬದಿಯ ಬಲೆಗೆ ಗುದ್ದಿ ನಿಂತಿತು. ಮಕ್ಕಳು ಅಷ್ಟು ಹತ್ತಿರದಲ್ಲಿದ್ದರು ಎಂದರೆ, ಒಬ್ಬಳ ಟೊಪ್ಪಿಯ ಮೇಲಿನ ಚಿತ್ರ ಇವತ್ತಿಗೂ ನನ್ನ ಕಣ್ಣಿನಲ್ಲಿದೆ. ಅವರಿಗೇನೂ ಆಗಲಿಲ್ಲ. ಆದರೆ ಹಿಂದೆ ಕೂತಿದ್ದ ಗೆಳತಿ ಹಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಕಾಲು ನೋವಿನ ಹುಡುಗಿಯನ್ನು ಬೇರೆಯವರು ಹೋಗಿ ಕೆಳಗೆ ತಂದರು.

ಅದೇ ಸಂಜೆ ನನ್ನಿಂದ ಕೀ ವಾಪಸು ತೆಗೆದುಕೊಂಡರು. ಆಪರೇಷನ್ಸ್ ಮ್ಯಾನೇಜರ್ ಲೆಬನಾನಿನವರು, ಕೆಟ್ಟವರೇನಲ್ಲ. ಆದರೆ ಶಾಲೆಯವರು ದೂರು ಕೊಟ್ಟಿದ್ದರು, ಮೇಲಿನಿಂದ ಒತ್ತಡವಿತ್ತು. ನಾನು ಅತಿ ವೇಗವಾಗಿ ಹತ್ತಿಸಿದೆ, ಗಾಬರಿಯಿಂದ ಹಿಡಿತ ಕಳೆದುಕೊಂಡೆ ಎಂದು ಎಲ್ಲರೂ ಮಾತಾಡಿಕೊಂಡರು. ಹ್ಯಾಂಡಲ್ ತಿರುಗಿಸಿದರೂ ತಿರುಗಲಿಲ್ಲ ಎಂದು ನಾನು ಹೇಳಿದ್ದನ್ನು ಕೇಳಿದವರು ತಲೆಯಾಡಿಸಿ ತಮ್ಮ ಕೆಲಸಕ್ಕೆ ಹೋದರು. ವಿಚಾರಣೆ ಮುಗಿಯುವವರೆಗೆ ಡ್ಯೂಟಿ ಇಲ್ಲ ಎಂದಾಯಿತು. ಡ್ಯೂಟಿ ಹೋದರೆ ವೀಸಾ ಹೋಗುತ್ತದೆ, ವೀಸಾ ಹೋದರೆ ಊರಿಗೆ ಹೋಗಬೇಕು. ಡಿಸ್ಕವರಿ ಗಾರ್ಡನ್ಸ್‌ನ ನನ್ನ ಕೋಣೆಯಲ್ಲಿ ಕೂತು ನಾನು ಅದಕ್ಕಿಂತ ಹೆಚ್ಚಾಗಿ ಬೇರೊಂದನ್ನು ಯೋಚಿಸುತ್ತಿದ್ದೆ. ನಿಜವಾಗಿ ನನ್ನದೇ ತಪ್ಪಾಗಿರಬಹುದೇ? ಕೈ ತಿರುಗಿಸಿದ್ದು ನನ್ನ ಭ್ರಮೆಯೇ? ಅಮ್ಮ ಫೋನ್ ಮಾಡಿ "ಸ್ವರ ಎಂತ ಸಣ್ಣ ಆಗಿದೆ?" ಎಂದಾಗ ಶೀತ ಎಂದೆ. "ಹಿಮದಲ್ಲಿ ಇದ್ರೆ ಮತ್ತೆಂತ ಆಗುದು" ಎಂದು ಅವಳು ಬೈದು ಫೋನಿಟ್ಟಳು.

ಕೆಲವು ದಿನಗಳ ಮೇಲೆ, ಎರಡು ಬಸ್ಸು ಬದಲಿಸಿಕೊಂಡು ಸರ್ ನಮ್ಮ ಕಟ್ಟಡದ ಕೆಳಗೆ ಬಂದು ಫೋನ್ ಮಾಡಿದರು. ಇಳಿದು ಹೋದೆ. ಗಿಡಗಳ ನಡುವಿನ ಬೆಂಚಿನ ಮೇಲೆ ಕೂತಿದ್ದರು. ಮಂಕಿ ಕ್ಯಾಪಿಲ್ಲದೆ ಅವರನ್ನು ನೋಡಿದ್ದು ಅದೇ ಮೊದಲು. ತಲೆ ಪೂರ್ತಿ ಬೋಳು.

"ಸ್ಕೀ ಎರಡೂ ಎದ್ದಿದ್ವಾ? ಒಂದೇನಾ?" ಎಂದು ಕೇಳಿದರು. ನಮಸ್ಕಾರವಿಲ್ಲ, ಹೇಗಿದ್ದೀಯ ಎಂದಿಲ್ಲ.

"ಎರಡೂ ಸರ್. ನಾನು ಸುಳ್ಳು ಹೇಳುದಿಲ್ಲ. ಹ್ಯಾಂಡಲ್ ಪೂರ್ತಿ ತಿರುಗಿಸಿದ್ದೆ."

"ಗೊತ್ತು ಕಣಮ್ಮ. ಸ್ಕೀ ನೆಲದ ಮೇಲಿದ್ರೆ ತಾನೇ ಗಾಡಿ ತಿರುಗೋದು? ಗಾಳೀಲಿ ತಿರುಗಿಸಿದ್ರೆ ಏನ್ ಬಂತು?" ಆಮೇಲೆ ನೆಲ ನೋಡುತ್ತ ಹೇಳಿದರು. "ಅದು ನನ್ನ ಕೈಕೆಲಸ. ನಿಂದಲ್ಲ."

ಅವರು ಹೇಳಿದ್ದನ್ನು ನನಗೆ ಅರ್ಥವಾದಂತೆ ಬರೆಯುತ್ತೇನೆ. ಸ್ಕೂಟರಿನ ಹಿಂದೆ ಗ್ಯಾಸ್ ಸಿಲಿಂಡರ್ ಕಟ್ಟಿಕೊಂಡು ಏರು ಹತ್ತಿದರೆ ಮುಂದಿನ ಚಕ್ರ ಹಗುರವಾಗುತ್ತದಲ್ಲ, ಇದೂ ಹಾಗೆಯೇ. ಗಾಡಿ ಜೋರಾಗಿ ನುಗ್ಗಿದಾಗ ಭಾರ ಹಿಂದಕ್ಕೆ ಸರಿಯುತ್ತದೆ. ಸ್ವಲ್ಪ ಸರಿದರೆ ಒಳ್ಳೆಯದು, ಪಟ್ಟಾ ಹಿಮವನ್ನು ಗಟ್ಟಿಯಾಗಿ ಕಚ್ಚುತ್ತದೆ. ಹೆಚ್ಚು ಸರಿದರೆ ಮೂಗು ಏಳುತ್ತದೆ. ಎಷ್ಟು ಸರಿಯಬೇಕೆಂಬುದನ್ನು ತೀರ್ಮಾನಿಸುವುದು ಪಟ್ಟಾದ ಒಳಗಿರುವ ಹಿಂದಿನ ಸಸ್ಪೆನ್ಷನ್. ಅಲ್ಲಿ ಹಿಂಭಾಗವನ್ನು ಎತ್ತಿ ಹಿಡಿಯುವ ಸ್ಪ್ರಿಂಗುಗಳಿವೆ. ಮುಂಭಾಗದಲ್ಲಿ ಬೆಲ್ಟಿನಂಥ ಒಂದು ಪಟ್ಟಿಯಿದೆ, ಅದರಲ್ಲಿ ತೂತುಗಳು. ಪಟ್ಟಿ ಗಿಡ್ಡ ಮಾಡಿದರೆ ಮೂಗು ನೆಲಕ್ಕೆ ಒತ್ತುತ್ತದೆ, ಉದ್ದ ಬಿಟ್ಟರೆ ಮೇಲೇಳಲು ಸಡಿಲ ಸಿಗುತ್ತದೆ. ಇನ್ನೊಂದು ಪಾಳಿಯ ಚಾಲಕರು ಹ್ಯಾಂಡಲ್ ಬಹಳ ಭಾರ, ಭುಜ ನೋಯುತ್ತದೆ, ಸೀಟು ಸೊಂಟಕ್ಕೆ ಗುದ್ದುತ್ತದೆ ಎಂದು ದೂರಿದ್ದರಂತೆ. ಸರ್ ಅವರಿಗಾಗಿ ಪಟ್ಟಿಯನ್ನು ಉದ್ದ ಬಿಟ್ಟು, ಹಿಂದಿನ ಸ್ಪ್ರಿಂಗನ್ನು ಮೆತ್ತಗೆ ಮಾಡಿದ್ದರು. ಒಬ್ಬರೇ ಕೂತು ಓಡಿಸಿ ನೋಡಿದಾಗ ಗಾಡಿ ಬೆಣ್ಣೆಯಂತೆ ಹೋಯಿತು. ಹಿಂದೆ ಇನ್ನೊಬ್ಬರು ಕೂತು, ಜಾರುಬಂಡಿಯನ್ನೂ ಕಟ್ಟಿಕೊಂಡು, ಕಡಿದಾದ ಕಡೆ ಹತ್ತಿಸಿ ನೋಡಿರಲಿಲ್ಲ.

"ನಾಳೆ ಮೀಟಿಂಗಲ್ಲಿ ಹೇಳ್ತೀನಿ" ಎಂದರು.

"ಹೇಳಿದ್ರೆ ನಿಮಗೆ ಎಂತ ಆದೀತು ಸರ್?"

"ನನಗೇನಾಗುತ್ತೆ? ನಾನು ಹಳಬ. ನನ್ನ ಬಿಟ್ರೆ ಆ ಗಾಡಿಗಳನ್ನ ಯಾರ್ ನೋಡ್ತಾರೆ ಅವರಿಗೆ?" ಎಂದು ಕೈ ಕೊಡವಿ ಎದ್ದರು. ಅದನ್ನು ಎಷ್ಟು ಹಗುರವಾಗಿ ಹೇಳಿದರೆಂದರೆ ನಾನು ನಂಬಿಬಿಟ್ಟೆ.

ಮೀಟಿಂಗಿಗೆ ನನ್ನನ್ನೂ ಕರೆದಿದ್ದರು. ಮ್ಯಾನೇಜರ್ ಶುರು ಮಾಡುವ ಮೊದಲೇ ಸರ್ ಎದ್ದು ನಿಂತು ತಮ್ಮ ಮುರುಕು ಇಂಗ್ಲಿಷಿನಲ್ಲಿ ಹೇಳಿದರು. ಸಸ್ಪೆನ್ಷನ್ ಬದಲಿಸಿದ್ದು ನಾನು, ಭಾರ ಹಾಕಿ ಪರೀಕ್ಷೆ ಮಾಡದೆ ಬಿಟ್ಟಿದ್ದು ನಾನು, ಈ ಹುಡುಗಿಯ ಕೈಯಲ್ಲಿ ತಪ್ಪಿಲ್ಲ. ಮ್ಯಾನೇಜರ್ ಪೆನ್ನು ಕೆಳಗಿಟ್ಟರು. ನೀನು ಏನು ಹೇಳುತ್ತಿದ್ದೀಯ ಎನ್ನುವುದು ನಿನಗೆ ಗೊತ್ತಿದೆಯಾ ಎಂದು ನಿಧಾನವಾಗಿ ಕೇಳಿದರು. ಗೊತ್ತಿದೆ, ಬೇಕಾದರೆ ಬಂದು ನೋಡಿ ಎಂದರು ಸರ್. ಮ್ಯಾನೇಜರ್ ಕುರ್ಚಿ ಹಿಂದಕ್ಕೆ ತಳ್ಳಿದರು. "ಯಲ್ಲಾ" ಎಂದರು, ಸರಿ ನಡಿ ಎನ್ನುವ ಅರಬ್ಬಿ ಮಾತು. "ಟುಮಾರೋ ಮಾರ್ನಿಂಗ್. ಶೋ ಮಿ."

ಮರುದಿನ ಬೆಳಿಗ್ಗೆ, ಜನರಿಗೆ ಬಾಗಿಲು ತೆರೆಯುವ ಮೊದಲು, ಇಳಿಜಾರಿನ ಬುಡದಲ್ಲಿ ಎಲ್ಲರೂ ಸೇರಿದರು. ಅಪಘಾತದ ದಿನ ಹೇಗಿತ್ತೋ ಹಾಗೆಯೇ ಗಾಡಿ ನಿಂತಿತ್ತು. ಸರ್ ಹಿಂದಿನ ಸೀಟಿಗೆ ಮರಳಿನ ಮೂಟೆ ಕಟ್ಟಿ, ಜಾರುಬಂಡಿ ಸಿಕ್ಕಿಸಿದರು. ಯಾರು ಓಡಿಸುವುದು ಎಂಬ ಪ್ರಶ್ನೆ ಬಂತು. ಬೇರೆ ಚಾಲಕನೊಬ್ಬ ಮುಂದೆ ಬಂದ. ಸರ್ ಅವನನ್ನು ತಡೆದು ನನ್ನ ಕಡೆ ನೋಡಿದರು.

"ನೀನೇ ಹತ್ತಬೇಕು."

"ನನ್ನಿಂದ ಆಗುದಿಲ್ಲ ಸರ್." ಒಂದು ಹೆಜ್ಜೆ ಹಿಂದೆ ಸರಿದೆ.

ಅವರು ಹತ್ತಿರ ಬಂದು ಉಳಿದವರಿಗೆ ಕೇಳಿಸದಂತೆ ಹೇಳಿದರು: "ಇವತ್ತು ಇನ್ಯಾರೋ ಓಡಿಸಿದ್ರೆ ಗಾಡಿ ತಪ್ಪು ಅಂತ ಆಗುತ್ತೆ. ನೀನು ಓಡಿಸಿದ್ರೆ ನಿನ್ನ ಕೈ ಸರಿ ಅಂತ ಆಗುತ್ತೆ. ಮೂಗು ಎದ್ದ ತಕ್ಷಣ ಬೆರಳು ಬಿಡು, ಅಷ್ಟೇ. ಹೋಗಮ್ಮ."

ಹತ್ತಿದೆ. ಸರ್ ಇಳಿಜಾರಿನ ಬದಿಯಲ್ಲಿ ಹೋಗಿ, ಚಳಿಗೆ ಶಾಪ ಹಾಕುತ್ತಲೇ, ಹಿಮದ ಮೇಲೆ ಮಗ್ಗುಲಾಗಿ ಮಲಗಿ ಕೆನ್ನೆಯನ್ನು ನೆಲಕ್ಕಿಟ್ಟರು. ಸ್ಕೀಗಳ ಕೆಳಗಿನಿಂದ ಬೆಳಕು ಕಾಣುತ್ತದೆಯೇ ಎಂದು ನೋಡಲು. ಕಡಿದಾದ ಜಾಗಕ್ಕೆ ಬಂದಾಗ ಬೆರಳು ಒತ್ತಿದೆ. ಆ ದಿನದಂತೆಯೇ ಮುಂಭಾಗ ಹಗುರವಾಗಿ ಮೂಗು ಎದ್ದಿತು. ಕೆಳಗಿನಿಂದ ಯಾರೋ "ಓ!" ಎಂದರು. ಬೆರಳು ಬಿಟ್ಟೆ. ಆ ಕ್ಷಣ ನನಗೆ ಹೆದರಿಕೆಗಿಂತ ಸಮಾಧಾನವೇ ಹೆಚ್ಚಾಯಿತು. ಅದು ಭ್ರಮೆಯಾಗಿರಲಿಲ್ಲ…

ಆಮೇಲೆ ಅವರು ಎಲ್ಲರ ಎದುರಿಗೇ ಕೆಲಸ ಶುರು ಮಾಡಿದರು. ಪಟ್ಟಿಯನ್ನು ಗಿಡ್ಡ ಮಾಡಿದರು, ಸ್ಪ್ರಿಂಗನ್ನು ಬಿಗಿ ಮಾಡಿದರು. ಒಮ್ಮೆಲೇ ಸರಿಯಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಆತುರದಲ್ಲಿ ಪಟ್ಟಿಯನ್ನು ವಿಪರೀತ ಎಳೆದುಬಿಟ್ಟಿದ್ದರು. ಈಗ ಮೂಗು ಏಳಲಿಲ್ಲ ನಿಜ, ಆದರೆ ಭಾರವೆಲ್ಲ ಮುಂದಕ್ಕೆ ಬಂದು ಹಿಂದಿನ ಪಟ್ಟಾಕ್ಕೆ ಹಿಡಿತವೇ ಸಿಗಲಿಲ್ಲ. ಗಾಡಿ ಅರ್ಧ ದಾರಿಯಲ್ಲಿ ನಿಂತಲ್ಲೇ ಹಿಮ ತೋಡತೊಡಗಿತು. ಹ್ಯಾಂಡಲ್ ಕಲ್ಲಿನಂತೆ ಭಾರ. ಕೆಳಗೆ ನಿಂತವರಲ್ಲಿ ಯಾರೋ ಗಡಿಯಾರ ನೋಡಿಕೊಂಡರು. ಸರ್ ಸ್ಪ್ಯಾನರನ್ನು ಹಿಮದ ಮೇಲೆ ಎಸೆದು ಅಪ್ಪಟ ಹಾಸನದ ಭಾಷೆಯಲ್ಲಿ ಗಾಡಿಯ ವಂಶವನ್ನೆಲ್ಲ ಬೈದರು. ಅಲ್ಲಿ ಅದು ಅರ್ಥವಾದದ್ದು ನನಗೊಬ್ಬಳಿಗೆ. ನಗು ತಡೆಯಲಾಗದೆ ನಾನು ಮುಖ ಆ ಕಡೆ ತಿರುಗಿಸಿದೆ. ನಕ್ಕ ಮೇಲೆ ಹೆದರಿಕೆ ಹೋಗಿತ್ತು.

ಪಟ್ಟಿಯನ್ನು ಒಂದು ತೂತು ಸಡಿಲ ಬಿಟ್ಟರು. ಸ್ಪ್ರಿಂಗನ್ನು ಇದ್ದಂತೆಯೇ ಬಿಗಿಯಾಗಿ ಉಳಿಸಿದರು. ಮತ್ತೆ ಮಲಗಿದರು, ಕೈಯೆತ್ತಿ ಬಾ ಎಂದರು. ನಾನು ಬೆರಳು ಒತ್ತಿದೆ. ಪಟ್ಟಾ ಹಿಮ ಕಚ್ಚಿತು. ಮೂಗು ಒಂಚೂರು ಹಗುರವಾಯಿತು, ಆದರೆ ನೆಲ ಬಿಡಲಿಲ್ಲ. ಬಲಕ್ಕೆ ತಿರುಗಿಸಿದೆ, ಗಾಡಿ ಬಲಕ್ಕೆ ಹೋಯಿತು. ಎಡಕ್ಕೆ ಎಂದರೆ ಎಡಕ್ಕೆ. ನಿಲ್ಲಿಸದೆ ತುದಿಯವರೆಗೆ ಹೋಗಿಬಿಟ್ಟೆ. ಮೇಲಿನಿಂದ ನೋಡಿದರೆ ಸರ್ ಇನ್ನೂ ಹಿಮದ ಮೇಲೇ ಮಲಗಿದ್ದರು, ಒಂದು ಕೈ ಮಾತ್ರ ಮೇಲೆತ್ತಿ ಆಡಿಸುತ್ತಿದ್ದರು. ನನಗೆ ಅಳು ಬಂತು. ಎಷ್ಟೋ ದಿನದಿಂದ ಎದೆಯ ಮೇಲೆ ಕೂತಿದ್ದ ಯಾರೋ ಎದ್ದುಹೋದ ಹಾಗೆ…

ಕೆಳಗೆ ಬಂದಾಗ ಮ್ಯಾನೇಜರ್ ನನ್ನ ಕೈಗೆ ಕೀ ಕೊಟ್ಟರು. ಸರ್‌ಗೆ ಅಲ್ಲಿಯೇ, ಎಲ್ಲರೆದುರು, ಗಟ್ಟಿಯಾಗಿ ಬೈದರು. ಭಾರ ಹಾಕಿ ಪರೀಕ್ಷಿಸದೆ ಇನ್ನು ಮುಂದೆ ಯಾವ ಗಾಡಿಯೂ ಹೊರಗೆ ಬರಬಾರದು ಎಂದರು. ಸರ್ ತಲೆ ತಗ್ಗಿಸಿ ಕೇಳಿಸಿಕೊಂಡರು. ಕೊನೆಗೆ ಮ್ಯಾನೇಜರ್ "ಖಲಾಸ್" ಎಂದರು, ಇಲ್ಲಿಗೆ ಮುಗಿಯಿತು ಎನ್ನುವಂತೆ, "ಗೋ ಬ್ಯಾಕ್ ಟು ವರ್ಕ್" ಎಂದು ಹೊರಟುಹೋದರು. ಅಷ್ಟೇ. ಕೆಲಸ ಹೋಗಲಿಲ್ಲ, ಯಾರದೂ.

ಹಿಂಬಾಗಿಲಿನ ಕಟ್ಟೆಗೆ ಅವರನ್ನು ಹುಡುಕಿಕೊಂಡು ಹೋದೆ. ಸುಡುಬಿಸಿಲಿನಲ್ಲಿ ನಿಂತು ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದರು. ಮೈಯೆಲ್ಲ ನಡುಗುತ್ತಿತ್ತು. ನಾನು ಗಾಬರಿಯಾಗಿ ಹುಷಾರಿಲ್ಲವೇ ಎಂದು ಕೇಳಿದೆ. "ಹಿಮದ ಮೇಲೆ ಮಲಗಿದ್ನಲ್ಲ, ಚಳಿ ಕಣಮ್ಮ" ಎಂದರು. ನಾನು ಮಷೀನಿನಿಂದ ಚಹಾ ತಂದುಕೊಟ್ಟೆ. ಲೋಟ ಹಿಡಿಯಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಗೆಳತಿಯ ಮಣಿಕಟ್ಟು ಕೂಡಿಕೊಂಡಿತು, ಅವಳು ಮತ್ತೆ ನನ್ನ ಹಿಂದೆ ಕೂತಳು. ನಾನು ಮುಂದೆಯೂ ಕೆಲವು ವರ್ಷ ಆ ಗಾಡಿ ಓಡಿಸಿದೆ. ಆಮೇಲೆ ಮದುವೆ, ಅಬುಧಾಬಿ, ಆಸ್ಪತ್ರೆಯ ತುರ್ತು ವಿಭಾಗದ ಕೆಲಸ. ಸರ್ ನಿವೃತ್ತಿಯ ವಯಸ್ಸಾಗುವವರೆಗೆ ಅಲ್ಲಿಯೇ ಇದ್ದು, ಬೀಳ್ಕೊಡುಗೆಯ ದೊಡ್ಡ ಕೇಕು ಕತ್ತರಿಸಿಕೊಂಡು ಊರಿಗೆ ಹೋದರು. ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಿದ್ದೆ. ಈಗ ಚಳಿಯಿಲ್ಲ, ಆರಾಮ ಎನ್ನುತ್ತಿದ್ದರು. ಹಿಂದಿನ ವರ್ಷ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲವಂತೆ. ಸುದ್ದಿ ನನಗೆ ತಡವಾಗಿ ತಲುಪಿತು.

ಈ ಸಲದ ರಜೆಯಲ್ಲಿ ಉಡುಪಿಯಿಂದ ಘಾಟಿ ಹತ್ತಿ ಹಾಸನಕ್ಕೆ ಹೋಗಿ ಅವರ ಹೆಂಡತಿಯನ್ನು ನೋಡಿ ಬಂದೆ. ಬಸ್‌ಸ್ಟ್ಯಾಂಡಿನ ಹತ್ತಿರವೇ ಮನೆ. ಮುಂದಿನ ಕೋಣೆಯಲ್ಲಿ ಅವರು ಸ್ವೆಟರ್ ಹೆಣಿಗೆ ಕಲಿಸುತ್ತಾರೆ. ಹೆಂಗಸರು ನಾಲ್ಕಾರು ಜನ ಸೂಜಿ ಹಿಡಿದು ಕೂತಿದ್ದರು. ನಾನು ಯಾರೆಂದು ಹೇಳುವ ಮೊದಲೇ ಗುರುತು ಹಿಡಿದರು.

"ಮಂಜಿನ ಗಾಡಿ ಹುಡುಗಿ ತಾನೇ? ಬನ್ನಿ, ಬನ್ನಿ."

ಮಾತಿನ ನಡುವೆ ಆ ದಿನದ ಕತೆ ಬಂತು. ಅವರೆಷ್ಟು ಧೈರ್ಯವಾಗಿ ಹೇಳಿದ್ದರೆಂದು ನಾನು ಹೇಳಿದೆ. ಆಕೆ ಜೋರಾಗಿ ನಕ್ಕುಬಿಟ್ಟರು.

"ಧೈರ್ಯಾನಾ? ಮೀಟಿಂಗಿನ ಹಿಂದಿನ ದಿನ ನನಗೆ ಫೋನ್ ಮಾಡಿ ಅತ್ತಿದ್ರು ಕಣ್ರೀ. ವೀಸಾ ರಿನ್ಯೂ ಆಗೋ ಟೈಮು ಅದು. ‘ಗಂಟು ಮೂಟೆ ಕಟ್ಕೊಂಡು ಬರ್ಬೇಕಾಗ್ಬೋದು ಕಣೇ, ಏನ್ ಮಾಡ್ಲಿ’ ಅಂದ್ರು. ನಾನಂದೆ, ಹೇಳಿಬಿಟ್ಟು ಬನ್ನಿ. ಹೇಳ್ದೆ ಇದ್ರೆ ಅಲ್ಲಿದ್ದು ಏನ್ ಮಾಡ್ತೀರ, ರಾತ್ರಿ ನಿದ್ದೆ ಬರಲ್ಲ ನಿಮಗೆ."

ಕಟ್ಟೆಯ ಮೇಲೆ ಅವರು ನಡುಗಿದ್ದು ಚಳಿಗಲ್ಲ ಎಂದು ನನಗೆ ಆಗ ತಿಳಿಯಿತು.

ಹೊರಡುವಾಗ ಆಕೆ ನನ್ನ ಮಗಳಿಗೆಂದು ಒಂದು ಹಳದಿ ಟೊಪ್ಪಿ ಕೊಟ್ಟರು. ಅಬುಧಾಬಿಯಲ್ಲಿ ಇದನ್ನು ಯಾವಾಗ ಹಾಕುವುದು ಎಂದು ಇಬ್ಬರೂ ನಕ್ಕೆವು. ವಾಪಸು ಬರುವ ಬಸ್ಸಿನಲ್ಲಿ ಮನಸ್ಸು ವಿಚಿತ್ರವಾಗಿ ಹಗುರವಾಗಿತ್ತು. ಅವರಿಗೆ ಆ ದಿನ ಏನಾದರೂ ಆಗಿದ್ದರೆ ಎಂದು ಎಷ್ಟೋ ವರ್ಷಗಳ ಮೇಲೆ ಹೊಸದಾಗಿ ಹೆದರಿದೆ, ಏನೂ ಆಗಲಿಲ್ಲವಲ್ಲ ಎಂದು ಹೊಸದಾಗಿ ಉಸಿರು ಬಿಟ್ಟೆ. ನಿವೃತ್ತಿಯ ಕಾಲ ಬಂದಾಗ, ಕೇಕು ಕತ್ತರಿಸಿಕೊಂಡು, ನಗುತ್ತ ಊರಿಗೆ ಬಂದರು. ಹೆಂಡತಿಯ ಪಕ್ಕದಲ್ಲಿ ಕೆಲವು ವರ್ಷ ಕೂತು ಊಟ ಮಾಡಿದರು.

ನಿನ್ನೆ ನಮ್ಮ ವಿಭಾಗದ ಹೊಸ ನರ್ಸ್ ಒಬ್ಬಳು, ರೋಗಿಗೆ ಏನೋ ಹೆಚ್ಚುಕಮ್ಮಿ ಆಯಿತೆಂದು, ಅದರ ವಿಚಾರಣೆಯ ಮೀಟಿಂಗಿಗೆ ಹೋಗುವ ಮೊದಲು ನನ್ನ ಬಳಿ ಬಂದು ಅಳುತ್ತ ನಿಂತಳು. ಅವಳ ಪಕ್ಕದಲ್ಲಿ ನಾನೂ ಒಳಗೆ ಹೋಗಿ ಕೂತೆ. ಸಂಜೆ ಮನೆಗೆ ಬಂದ ಮೇಲೆ ಯಾರಿಗಾದರೂ ಇದನ್ನು ಹೇಳಬೇಕೆನ್ನಿಸಿತು. ಫೋನು ಕೈಗೆತ್ತಿಕೊಂಡೆ. ಹೇಳಬೇಕಾದವರು ಈಗ ಇಲ್ಲವೆಂದು ನೆನಪಾಗಿ, ಹಾಗೆಯೇ ಕೆಳಗಿಟ್ಟೆ…